ಷಡ್ಡಕನ ಮೇಜು
ಗುಮಾಸ್ತನಿಗೆ ಹೊಟ್ಟೆಕಿಚ್ಚು ಇರುವುದು ಇಡೀ ಲೋಕದಲ್ಲಿ ಒಬ್ಬನ ಮೇಲೆ ಮಾತ್ರ, ಹೆಂಡತಿಯ ಅಕ್ಕನ ಗಂಡನಾದ ಷಡ್ಡಕನ ಮೇಲೆ. ಆತ ನಡುಮನೆಯ ಮೂಲೆಯಲ್ಲಿ ಕೈಯಾರೆ ಒಂದು ಮೇಜು ಮಾಡಿಕೊಂಡು, ಮೊಳೆಗೊಂದು ಡಬ್ಬಿ ಸ್ಕ್ರೂಗೊಂದು ಡಬ್ಬಿ ಜೋಡಿಸಿಟ್ಟು, ಆಫೀಸಿನ ಕೆಲಸವನ್ನೂ ಅಲ್ಲೇ ಕೂತು ಮುಗಿಸುತ್ತಾನೆ. “ನಮ್ಮ ಭಾವನ ಕೈ ನೋಡ್ರೀ, ನೀವೂ ಇದ್ದೀರಿ!” ಎಂದು ಹೆಂಡತಿ ಹಂಗಿಸಿದಾಗಲೆಲ್ಲ ಗುಮಾಸ್ತ ಗರಗಸ ಹಿಡಿಯುತ್ತಾನೆ, ಮಕ್ಕಳು ಪುಸ್ತಕ ಎತ್ತಿಕೊಂಡು ಅಡುಗೆಮನೆ ಸೇರುತ್ತಾರೆ. ಹಾಗೆ ಹುಟ್ಟಿದ ಮೇಜಿಗೆ ಒಂದು ಕಾಲು ಗಿಡ್ಡ. ಅದಕ್ಕೆ ಒತ್ತು ಕೊಡಲು ಇವನ ಜೇಬಿನಲ್ಲಿ ಸದಾ ರಟ್ಟಿನ ಚೂರು. ಷಡ್ಡಕನ ಮನೆಗೆ ಹೋದರಂತೂ ಕುಶಲ ವಿಚಾರಿಸುವ ಮೊದಲೇ ಆ ಮೇಜನ್ನು ಅಲ್ಲಾಡಿಸಿ ನೋಡುತ್ತಾನೆ. ಅದು ಜಪ್ಪಯ್ಯ ಅಂದರೂ ಅಲುಗದು. ಆಮೇಲೆ ಕುಡಿದ ಕಾಫಿಯೂ ಕಹಿ. ಮೊನ್ನೆ ಷಡ್ಡಕ ಕಾಫಿ ತರಲು ಒಳಗೆ ಹೋದಾಗ ಅಲ್ಲಾಡಿಸಿದರೆ, ಮೇಜು ಕಟಕಟ ಎಂದು ಕುಂಟಿತು! ಇಷ್ಟು ವರ್ಷ ಕಾದವನಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು, ಯಾಕೋ ಸಂಕಟವಾಯಿತು. ಬಾಗಿಲತ್ತ ಕಣ್ಣಿಟ್ಟು, ಬಗ್ಗಿ, ಜೇಬಿನ ರಟ್ಟನ್ನು ಮಡಿಸಿ ಆ ಕಾಲಿನಡಿ ತುರುಕಿ, ಮತ್ತೊಮ್ಮೆ ಅಲ್ಲಾಡಿಸಿದ. ಅಲುಗಲಿಲ್ಲ. ಷಡ್ಡಕ ಲೋಟ ಹಿಡಿದು ಬರುವಷ್ಟರಲ್ಲಿ ಗುಮಾಸ್ತನ ಮುಖ ಎಂದಿನಂತೆ ಹುಳ್ಳಗಾಗಿತ್ತು. “ಏನ್ ಕೈರೀ ನಿಮ್ದು! ಇವತ್ತೂ ಒಂಚೂರು ಅಲ್ಲಾಡಲಿಲ್ಲ ನೋಡಿ,” ಎಂದು ಹಲ್ಲು ಕಡಿದ.