ಮಾವ ಜಲಪಾತ ಕೇಳಲು ಹೋದದ್ದು

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಅಮ್ಮ ತನ್ನ ಅಣ್ಣನನ್ನು ಮುಖದೆದುರೇ ಆಡಿಕೊಳ್ಳುತ್ತಿದ್ದಳು. ನನ್ನ ಸೋದರಮಾವನಿಗೆ ಅದರಿಂದ ಒಂದಿಷ್ಟೂ ಬೇಜಾರಿರಲಿಲ್ಲ. "ಓಡಿಸಿದ್ರೆ ನಾಲ್ಕು ಅಗಳು ಉದುರಿ ಹೋಗಲ್ವೇನೇ?" ಎಂದು ಅವನೇ ಮೊದಲು ನಗುತ್ತಿದ್ದ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದ. ಒಂದೇ ಬ್ಲೇಡಿನಲ್ಲಿ ತಿಂಗಳುಗಟ್ಟಲೆ ಗಡ್ಡ ಕೆರೆದುಕೊಳ್ಳುವುದು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾಮಾನಿನ ಪಟ್ಟಿ ಬರೆಯುವುದು, ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆದು ಬರುವುದು, ಅವನ ಬಾಳೇ ಹಾಗೆ.

ಮೂವತ್ತನಾಲ್ಕು ವರ್ಷ ಅವನು ಬಟ್ಟೆ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ದುಡಿದ. ಒಂದೇ ಸೂರಿನಡಿ ಇನ್ನೂರು ಮಗ್ಗ. ಅಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವನಿಗೆ ಕೇಳಿಸುವುದಿಲ್ಲ. ಅದಕ್ಕೇ ಮಿಲ್ಲಿನವರು ಕೂಗುವ ಗೋಜಿಗೇ ಹೋಗುವುದಿಲ್ಲ. ದನಿಯಿಲ್ಲದೆ ಬರೀ ತುಟಿ ಆಡಿಸುತ್ತಾರೆ. ನಾಲ್ಕು ಮಗ್ಗದಾಚೆ ನಿಂತವನ ಜೊತೆ ಹಾಗೇ ಜಗಳವಾಡುತ್ತಾರೆ, ಮೇಸ್ತ್ರಿಯನ್ನು ಅವನ ಬೆನ್ನ ಹಿಂದೆಯೇ ನಿಂತು ಬೈಯುತ್ತಾರೆ. ಮದುವೆಗೆ ಮುಂಚೆ ಅಮ್ಮನೂ ಅಲ್ಲೇ ದುಡಿದವಳು. ಹಾಗಾಗಿ ನಮ್ಮ ಮನೆಯಲ್ಲೂ ಅದೇ ಮಾತು, ನನಗೂ ಹುಟ್ಟಿನಿಂದಲೇ ಬಂತು. ನೆಂಟರ ಮುಂದೆಯೇ ನೆಂಟರನ್ನು ಆಡಿಕೊಂಡು ನಾವು ಮೂವರೂ ನಗು ತಡೆದುಕೊಂಡದ್ದು ಎಷ್ಟು ಸಲವೋ.

ಅದೇ ನಮಗೆ ಮುಳುವಾಯಿತು. ಮಾವನ ಕಿವಿ ಯಾವಾಗ ಹೋಗಲು ಶುರುವಾಯಿತೋ ಯಾರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಬೇರೆ ಮನೆಯಾಗಿದ್ದರೆ 'ಆಂ? ಏನಂದೆ?' ಶುರುವಾಗಿ ಗುಟ್ಟು ರಟ್ಟಾಗುತ್ತಿತ್ತು. ನಾವು ಎದುರು ನಿಂತು ತುಟಿ ಆಡಿಸುತ್ತಿದ್ದೆವು, ಅವನು ಟಕ್ಕನೆ ಉತ್ತರ ಕೊಡುತ್ತಿದ್ದ. ಒಂದು ದಿನ ಕುಕ್ಕರು ಕೂಗಿ ಕೂಗಿ ತಳ ಸೀದು ಮನೆ ತುಂಬ ಹೊಗೆಯಾಯಿತು. ಓಡಿಬಂದು ನೋಡಿದರೆ ಮಾವ ಒಲೆಗೆ ಬೆನ್ನು ಹಾಕಿ ಕೂತು ಆರಾಮಾಗಿ ಪೇಪರು ಓದುತ್ತಿದ್ದ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಸ್ವಲ್ಪ ಉಳಿದಿದೆ, ಅದೂ ಆರು ತಿಂಗಳೋ ವರ್ಷವೋ ಎಂದರು ಡಾಕ್ಟರು. ನರವೇ ಸತ್ತಿರುವುದರಿಂದ ಯಂತ್ರ ಹಾಕಿದರೂ ಪ್ರಯೋಜನವಿಲ್ಲವಂತೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಾವ ಹೇಳಿದ್ದು ಒಂದೇ ಮಾತು. "ಆ ಜಲಪಾತ ಕೇಳ್ಬೇಕು ಕಣೇ."

ನೋಡಬೇಕು ಅನ್ನಲಿಲ್ಲ. ಆ ಜಲಪಾತದ ಕಡೆಯ ಊರಿನ ಫಿಟ್ಟರೊಬ್ಬ ಮಿಲ್ಲಿನಲ್ಲಿದ್ದ. ಮೂರು ಮೈಲಿ ದೂರಕ್ಕೇ ಅದರ ಸದ್ದು ಕೇಳುತ್ತೆ, ಅದರ ಮುಂದೆ ನಮ್ಮ ಇನ್ನೂರು ಮಗ್ಗ ಸೊಳ್ಳೆ ಎಂದು ಅವನು ಮಾವನ ತಲೆಗೆ ತುಂಬಿದ್ದ. "ಜೀವಮಾನ ಎಲ್ಲಾ ಸಂಬಳದ ಸದ್ದು ಕೇಳಿದ್ದಾಯ್ತು. ಯಾರೂ ಸ್ವಿಚ್ ಒತ್ತಿ ನಿಲ್ಸೋಕಾಗದ ಸದ್ದು ಒಂದಾದ್ರೂ ಕೇಳ್ಬೇಡ್ವಾ?"

ಕರೆದುಕೊಂಡು ಹೋಗುತ್ತೇನೆ ಎಂದೆ. ಆ ವಾರವೇ ಹೋಗಬಹುದಿತ್ತು. ಆದರೆ ಅದು ಡಿಸೆಂಬರ್ ರಜೆಯ ಸೀಸನ್ನು, ಲಾಡ್ಜಿನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಅವನ ತಂಗಿಯ ಮಗಳಲ್ಲವೇ ನಾನು, ಅದೇ ರಕ್ತ! "ಸ್ವಲ್ಪ ತಡಿ ಮಾವ, ಸೀಸನ್ ಮುಗೀಲಿ, ಎಲ್ಲಾ ಅರ್ಧಕ್ಕರ್ಧ ಇಳಿಯುತ್ತೆ. ಜಲಪಾತ ಏನು ಓಡಿಹೋಗುತ್ತಾ?" ಎಂದೆ. ಅವನಿಗೆ ಖುಷಿಯೋ ಖುಷಿ. "ಭೇಷ್, ನನ್ನ ಶಿಷ್ಯೆ!" ಎಂದು ಬೆನ್ನು ತಟ್ಟಿದ. ಆಮೇಲೆ ನನಗೆ ರಜೆ ಸಿಗಲಿಲ್ಲ. ಆಮೇಲೆ ಅಮ್ಮನ ಕಾಲು ಉಳುಕಿತು. ಏಳು ತಿಂಗಳು ಹೋಯಿತು. ಆ ಏಳು ತಿಂಗಳನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕೊನೆಗೂ ಹೊರಟೆವು. ಅವನ ಬೆನ್ನಿಗೆ ಮಿಲ್ಲಿನ ಕ್ಯಾನ್ವಾಸು ಚೀಲ, ನನ್ನ ಬೆನ್ನಿಗೆ ಗೆಳತಿಯ ಹತ್ತಿರ ಕೇಳಿ ತಂದ ಬ್ಯಾಗು. ಇಳಿದುಕೊಂಡದ್ದು ಊರಾಚೆಯ ಡಾರ್ಮಿಟರಿಯಲ್ಲಿ. ಒಂದೇ ಕೋಣೆಯಲ್ಲಿ ಒಂದರ ಮೇಲೊಂದರಂತೆ ಹನ್ನೆರಡು ಮಂಚ, ಮಂಚದ ಕಂಬಿಗೆಲ್ಲ ಒದ್ದೆ ಸಾಕ್ಸು, ಬಾಗಿಲ ಬಳಿ ಕೆಸರು ಬೂಟುಗಳ ರಾಶಿ. ಮೇಲಿನ ಮಂಚ ಕೆಳಗಿನದಕ್ಕಿಂತ ಅಗ್ಗವೆಂದು ಗೊತ್ತಾಗಿದ್ದೇ ತಡ, ಅರವತ್ತು ದಾಟಿದ ಮಾವ ಏಣಿ ಹತ್ತಿ ಕೂತುಬಿಟ್ಟ. ಪಕ್ಕದ ಮಂಚದ ಕಾಲೇಜು ಹುಡುಗಿ ಬ್ರೆಡ್ಡು ಕೊಡುತ್ತಾ, "ಇಲ್ಲಿಗೇ ಕೇಳ್ಸುತ್ತೆ ನೋಡಿ ಅಂಕಲ್" ಎಂದು ಕಿಟಕಿ ತೋರಿಸಿದಳು. ನನಗೆ ಆಗಲೇ ಕೇಳಿಸುತ್ತಿತ್ತು, ಗುಂಯ್ ಎಂದು. ಮಾವ ಕೆಳಗಿಳಿದು ಬಲಗಿವಿಯನ್ನು ಕಿಟಕಿಗೆ ಹಿಡಿದು ಸುಮಾರು ಹೊತ್ತು ನಿಂತ. "ಗಾಳಿ ಈ ಕಡೆ ಬೀಸ್ತಿಲ್ಲ, ಅದಕ್ಕೆ" ಎಂದ.

ಬೆಳಿಗ್ಗೆ ಜೀಪಿನವರಿಗೆ ಕೈ ಮುಗಿದು ಕಾಲುದಾರಿ ಹಿಡಿದೆವು. ತಿರುವು ತಿರುವಿಗೂ ಸದ್ದು ಏರುತ್ತಿತ್ತು. ಅವನು ಸಡಿಲವಾದ ಚಪ್ಪಲಿಯ ಬಗ್ಗೆ, ಬಿಸಿನೀರು ಕೊಡುತ್ತೇನೆಂದು ಟೋಪಿ ಹಾಕಿದ ಡಾರ್ಮಿಟರಿಯವನ ಬಗ್ಗೆ ಮಾತಾಡುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವನ ದನಿ ನನಗೆ ಕೇಳಿಸುವುದೇ ನಿಂತಿತು. ತುಟಿ ನೋಡಿ ತಿಳಿದುಕೊಳ್ಳತೊಡಗಿದೆ. ಅವನು ಮಾತ್ರ ಆಗಾಗ ನಿಂತು, ತಲೆ ವಾಲಿಸಿ, "ಇನ್ನೂ ದೂರಾನೇನೇ?" ಎನ್ನುತ್ತಿದ್ದ. "ದೂರ ಇದೆ ಮಾವ" ಎಂದು ನಾನೂ ತುಟಿ ಆಡಿಸುತ್ತಿದ್ದೆ. ಅಯ್ಯೋ, ಬೇರೆ ಏನು ಹೇಳಲಿ?

ಕೊನೆಯ ತಿರುವು ದಾಟಿದ್ದೇ, ಕಣ್ಣೆದುರಿಗೇ ಇತ್ತು. ಅಷ್ಟೆತ್ತರದಿಂದ ನೀರು ಧುಮುಕುತ್ತಿತ್ತು, ಮುಖಕ್ಕೆ ತುಂತುರು ಹೊಡೆಯುತ್ತಿತ್ತು. ಮಾವ ನಿಂತಲ್ಲೇ ನಿಂತ. ಬಲಗಿವಿಗೆ ಬೆರಳು ಹಾಕಿ ಎರಡು ಸಲ ಅಲ್ಲಾಡಿಸಿದ. ಆಮೇಲೆ ಕೈ ಕೆಳಗಿಳಿಸಿದ. ಅವನಿಗೆ ಗೊತ್ತಾಯಿತು.

ಕಂಬಿಯ ಬಳಿ ಜನ ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕೂಗಿ ಸುಸ್ತಾಗಿದ್ದರು. ಡಾರ್ಮಿಟರಿಯ ಹುಡುಗಿಯೂ ಅಲ್ಲಿದ್ದಳು. ಆಚೆ ಬಂಡೆಯ ಮೇಲಿದ್ದ ಅವಳ ಗೆಳತಿ ಏನೋ ಅರಚುತ್ತಿದ್ದಳು, ಇವಳಿಗೆ ತಿಳಿಯುತ್ತಿರಲಿಲ್ಲ. ಮಾವ ಆ ಗೆಳತಿಯ ತುಟಿಯನ್ನೊಮ್ಮೆ ನೋಡಿ, ಹುಡುಗಿಯ ಬ್ಯಾಗಿನ ಪಕ್ಕದ ಜೇಬು ತಟ್ಟಿ ತೋರಿಸಿದ. ಕ್ಯಾಮೆರಾ ಬ್ಯಾಟರಿ ಅದರಲ್ಲಿದೆ ಎಂದೇ ಗೆಳತಿ ಅರಚುತ್ತಿದ್ದದ್ದು. ಹುಡುಗಿ ಬೆರಗಾಗಿ, "ಎಂಥಾ ಕಿವಿ ಅಂಕಲ್ ನಿಮ್ದು!" ಎಂದಳು. ಮಾವ ಅವಳ ತುಟಿ ನೋಡಿ ಅದನ್ನೂ ತಿಳಿದುಕೊಂಡು ನಕ್ಕ. ಆ ನಗು ನನ್ನಿಂದ ನೋಡಲಾಗಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದ. "ಹೆಂಗಿದೆ ಸದ್ದು? ಫಿಟ್ಟರ್ ಹೇಳಿದಷ್ಟಿದೆಯಾ?"

ಅವನು ಕಳೆದುಕೊಂಡದ್ದು ದೊಡ್ಡದೇನಲ್ಲ ಅನ್ನಿಸಿಬಿಡಬೇಕು, ನನಗೆ ಹೊಳೆದದ್ದು ಅಷ್ಟೇ. "ಏನಿಲ್ಲ ಮಾವ! ಬರೀ ಬಡಾಯಿ ಅವನದು! ನಮ್ಮ ಮಿಲ್ಲೇ ಇದಕ್ಕಿಂತ ಜೋರು! ಬಚ್ಚಲಲ್ಲಿ ನಲ್ಲಿ ಬಿಟ್ಟ ಹಾಗಿದೆ ಅಷ್ಟೇ!"

ಮಾವ ನನ್ನ ಬಾಯಿ ನೋಡಿದ, ಕುತ್ತಿಗೆ ನೋಡಿದ, ಮತ್ತೆ ಬಾಯಿ ನೋಡಿದ.

"ಅಷ್ಟು ಸಣ್ಣ ಸದ್ದಾದ್ರೆ ನರ ಉಬ್ಬೋ ಹಂಗೆ ಯಾಕೆ ಕಿರುಚ್ತಿದ್ದೀಯ ಮಗಳೇ?"

ಕಿರುಚುತ್ತಿದ್ದೇನೆಂದು ನನಗೆ ಗೊತ್ತೇ ಆಗಿರಲಿಲ್ಲ. ಹುಟ್ಟಿದಾಗಿನಿಂದ ಆ ಮನುಷ್ಯನೆದುರು ಒಮ್ಮೆಯೂ ದನಿ ಏರಿಸಿದವಳಲ್ಲ ನಾನು. ಅವನು ಕಂಬಿ ಹಿಡಿದು ನೀರನ್ನೇ ನೋಡುತ್ತಾ ನಿಂತ. ಹೋದ ಸೀಸನ್ನಿನಲ್ಲೇ ಬಂದಿದ್ದರೆ ಎಂದು ಅವನು ಆಗಲೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ.