ಒಂದೇ ಕೂಗಿನ ಕರೆ

ಭೀಮಕ್ಕನ ಮುತ್ತಜ್ಜ ಬಂಡೆಪ್ಪ ಖಾನಾಪುರದ ಕಾಡಂಚಿನಲ್ಲಿ ಮುನ್ನೂರು ಕುರಿ ಕಾದವನು. ಹುಲಿಯ ಬಾಯಿಗೆ ಕೋಲಿಟ್ಟು ಟಗರು ಬಿಡಿಸಿ ತಂದವನು. ಅವನ ತಮ್ಮ ಸತ್ಯಪ್ಪ ಕಾಡಿನಿಂದ ಒಂದೇ ಸಲ ಬಂದ ಕೂಗಿಗೆ ಓಗೊಟ್ಟು ಹಟ್ಟಿ ಬಿಟ್ಟು ಹೋದ. ಕಂಬಳಿ ಸಿಕ್ಕಿತು, ಅವನು ಸಿಗಲಿಲ್ಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಒಂದೇ ಕೂಗಿಗೆ ಏಳಬಾರದು ಎಂಬ ಕಟ್ಟಳೆ ಅಂದಿನಿಂದ ಆ ಮನೆಯಲ್ಲಿ ಕಲ್ಲಿನ ಮೇಲಿನ ಗೆರೆ.

ಭೀಮಕ್ಕ ಬೆಳಗಾವಿಗೆ ಬಂದದ್ದು ಅಲ್ಲಿನ ಕ್ಯಾಂಪ್ ಪ್ರದೇಶದ ಹಳೇ ಬಂಗಲೆಯಲ್ಲಿದ್ದ ರಕ್ತನಿಧಿಯ ಕಸ ಹೊಡೆಯಲು. ರದ್ದಿಗೆ ಹಾಕಿದ ಪುಸ್ತಕ ಓದಿ ಕಂಪ್ಯೂಟರಿನ ಭಾಷೆ ಕಲಿತಳು. ರಕ್ತದ ಫ್ರಿಜ್ಜು ಬಿಸಿಯಾದರೆ ಗಂಟೆ ಬಾರಿಸುವ ಪ್ರೋಗ್ರಾಮ್ ಅವಳದೇ ಕೈಕೆಲಸ.

ಓಡುವ ಪ್ರೋಗ್ರಾಮಿಗೆ ಯಂತ್ರ ಅಂಕಿಯಲ್ಲಿ ಸಂಕೇತ ಕಳಿಸುತ್ತದೆ. ಬರಿಯ ಅಂಕಿ ನೋಡಿ ನರ್ಸುಗಳಿಗೆ ಏನು ತಿಳಿದೀತು? ಭೀಮಕ್ಕ ಪಟ್ಟಿ ಬರೆದಳು. ಸಂಕೇತ ಬಂದೊಡನೆ ಅದರ ಅರ್ಥ ಹುಡುಕಿ ಕನ್ನಡದಲ್ಲಿ ಚೀಟಿ ಅಚ್ಚಾಗಬೇಕು. ಹನ್ನೊಂದಕ್ಕೆ ‘ತನ್ನದಲ್ಲದ ಜಾಗಕ್ಕೆ ಕೈ ಹಾಕಿತು’. ಹದಿನೈದಕ್ಕೆ ‘ಸಾಕು, ಏಳು ಎಂದು ಕರೆದರು’. ಹದಿನೈದು ಮೂರು ಸಲ ಬಂದರೆ ಮಾತ್ರ ಪ್ರೋಗ್ರಾಮ್ ಕೆಲಸ ನಿಲ್ಲಿಸಿ ಏಳಬೇಕೆಂದೂ ಸೇರಿಸಿದಳು.

ಈ ಶ್ರಾವಣದಿಂದ ಮಟಮಟ ಮಧ್ಯಾಹ್ನ, ಹನ್ನೆರಡೂ ಹತ್ತಕ್ಕೆ, ಒಂದು ಚೀಟಿ ಬರತೊಡಗಿತು: ‘ಸಾಕು, ಏಳು ಎಂದು ಕರೆದರು. ಕರೆದವರ ಸಂಖ್ಯೆ 3108.’ ದಿನಕ್ಕೆ ಒಂದೇ ಸಲ. ಓಡುವ ಪ್ರತಿ ಪ್ರೋಗ್ರಾಮಿಗೂ ಯಂತ್ರ ಒಂದು ಸಂಖ್ಯೆ ಕೊಡುತ್ತದೆ; ಆದರೆ ಯಂತ್ರದಲ್ಲಿ ಆ ಸಂಖ್ಯೆಯ ಪ್ರೋಗ್ರಾಮೇ ಇರಲಿಲ್ಲ. ಯಂತ್ರ ಆರಿಸಿ ಹಚ್ಚಿದಳು, ಇಂಟರ್ನೆಟ್ಟಿನ ತಂತಿ ಕಿತ್ತಿಟ್ಟಳು. ಮರುದಿನ ಅದೇ ಸಂಖ್ಯೆ ಕರೆಯಿತು.

ಹೊಸ ಎಂಜಿನಿಯರ್ ಅಮರನಿಗೆ ನಗೆ. “ಅಕ್ಕಾರ, ಕಂಪ್ಯೂಟರಿಗೂ ದೆವ್ವ ಬಡದೈತೇನ್ರೀ?” ಎಂದು ಕಿಚಾಯಿಸಿದ. ಅವಳು ಖಾನಾಪುರಕ್ಕೆ ಹೋದ ದಿನ ಮೂರು ಕೂಗಿನ ಕಟ್ಟಳೆ ಅಳಿಸಿ, ಒಂದೇ ಕರೆಗೆ ಏಳುವಂತೆ ತಿದ್ದಿದ. ಹನ್ನೆರಡೂ ಹತ್ತಕ್ಕೆ ಕರೆ ಬಂತು. ಪ್ರೋಗ್ರಾಮ್ ಎದ್ದು ಹೋಯಿತು. ಹತ್ತು ನಿಮಿಷಕ್ಕೆ ಫ್ರಿಜ್ಜೂ ನಿಂತಿತು. ಗಂಟೆ ಬಾರಿಸಲು ಯಾರೂ ಇರಲಿಲ್ಲ. ನರ್ಸ್ ತ್ರಿವೇಣಿ ಯಾವುದೋ ರೋಗಿಗೆ ಚೀಲ ತೆಗೆಯಲು ಬಾಗಿಲು ತೆರೆದು, ಫ್ರಿಜ್ಜು ನಿಂತದ್ದನ್ನು ಕಂಡದ್ದಕ್ಕೆ ರಕ್ತ ಉಳಿಯಿತು.

ಸಂಜೆ ಭೀಮಕ್ಕ ಬಂದು ಕಟ್ಟಳೆಯನ್ನು ಮತ್ತೆ ಬರೆದಳು. ಅಮರ ತಪ್ಪೊಪ್ಪಿಕೊಂಡ. ನಾಳೆ ಮಧ್ಯಾಹ್ನ ತಾನೂ ಬಾಜು ಕುಳಿತು, ಆ 3108 ಯಾರೆಂದು ಹುಡುಕಿಕೊಡುತ್ತೇನೆ ಎಂದ. ಭೀಮಕ್ಕ ಅಂದಿನ ಚೀಟಿ ಮಡಿಚಿ ಸೆರಗಿಗೆ ಗಂಟು ಹಾಕಿದಳು.

“ಬ್ಯಾಡೋ ತಮ್ಮಾ. ಕರದಾವ್ರು ಯಾರಂತ ನೋಡಾಕ ಹೋದಾವ ನಮ್ಮ ಮನ್ಯಾಗ ಹೊಳ್ಳಿ ಬಂದಿಲ್ಲ. ಅದು ಕರೀಲಿ, ನಾ ಒಬ್ಬಾಕೀನ ಕುಂದರ್ತೀನಿ. ನಾಳಿ ಆ ಹೊತ್ತಿಗಿ ನೀ ಉಣ್ಣಾಕ ಹೋಗು.”