ಶೋಷಣೆಯ ಅರ್ಥ ಹೇಳಲು ಬಂದವರು

ವಯಸ್ಕರ ಶಿಕ್ಷಣದ ಕೆಲಸದಲ್ಲಿದ್ದಾಗ ಒಮ್ಮೆ ಧಾರವಾಡದ ಪ್ರಾಧ್ಯಾಪಕರೊಬ್ಬರನ್ನು ಭಾಷಣಕ್ಕೆಂದು ಯರಗುಪ್ಪಿಗೆ ಕರೆದೊಯ್ದಿದ್ದೆ. ಕೇಳಲು ಬಂದವರು ದಲಿತ ಕೇರಿಯ ಹೆಣ್ಣುಮಕ್ಕಳು. ಹತ್ತಿ ಬಿಡಿಸುವುದನ್ನು ನಿಲ್ಲಿಸಿ ಬಂದು ಶಾಲೆಯ ಅಂಗಳದ ಬಿಸಿಲಲ್ಲಿ ಕೂತಿದ್ದರು. ನೆರಳು, ಕುರ್ಚಿ ಎರಡೂ ಪ್ರಾಧ್ಯಾಪಕರಿಗೆ.

"ಶೋಷಣೆ ಅನ್ನೋ ಶಬ್ದ ಎಲ್ಲಿಂದ ಬಂತು ಗೊತ್ತೇನು? ಸಂಸ್ಕೃತದ 'ಶುಷ್' ಧಾತುವಿನಿಂದ. ಒಣಗಿಸೋದು ಅಂತ ಅರ್ಥ. ಒಬ್ಬರ ಜೀವರಸ ಇನ್ನೊಬ್ಬರು ಹೀರೋದೇ ಶೋಷಣೆ!" ಎಂದು ಅವರು ಮೇಜು ಗುದ್ದಿದರು.

ಮುಂದೆ ಕೂತಿದ್ದ ಯಲ್ಲವ್ವ ಮೆಲ್ಲಗೆ, "ಒಂದೀಟ ನೀರ ಕೊಡ್ರಿ ಅಣ್ಣಾರ" ಎಂದು ನನ್ನನ್ನು ಕೇಳಿದಳು. ಮೇಜಿನ ಬಾಜು ಇದ್ದ ಕೊಡದಲ್ಲಿ ಲೋಟ ಅದ್ದಿ ಅವಳ ಕೈಗೇ ಕೊಟ್ಟೆ. ಒಂದು ಕ್ಷಣ ನನ್ನ ಮುಖ ನೋಡಿ ಕುಡಿದಳು. ಉಳಿದವರಿಗೂ ಅದೇ ಲೋಟದಲ್ಲಿ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಪ್ರಾಧ್ಯಾಪಕರು ನೀರಿಗೆ ಕೈಚಾಚಿದವರು ಹಾಗೇ ಹಿಂದಕ್ಕೆ ಎಳೆದುಕೊಂಡರು.

"ಅವರು ಮುಟ್ಟಿದ ಲೋಟ ಇದರಾಗ ಅದ್ದಿದ್ರಲ್ಲ, ಬ್ಯಾರೆ ಕೊಡ ಇಲ್ಲೇನ್ರಿ?" ಎಂದು ನನಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಇಲ್ರಿ. ಇದರಾಗ ಇನ್ನೂ ಭಾಳ ನೀರದಾವ್ರಿ."

"ಬ್ಯಾಡ ಬಿಡ್ರಿ, ನನಗೇನು ಅಷ್ಟು ನೀರಡಿಕಿ ಇಲ್ಲ."

ಯಲ್ಲವ್ವ ಸೆರಗು ಕೊಡವಿ ಎದ್ದಳು. "ನಡೀರಿ ಬೇ, ಹತ್ತಿ ಬಿಡಸಾಕ ಹೋಗೂಣು" ಎಂದಳು. ಎಲ್ಲರೂ ಅವಳ ಹಿಂದೆ ನಡೆದರು. ಭಾಷಣ ಅಲ್ಲಿಗೇ ಮುಗಿಯಿತು.

ಮರಳುವಾಗ ಜೀಪಿನಲ್ಲಿ ಪ್ರಾಧ್ಯಾಪಕರು ನಿಟ್ಟುಸಿರು ಬಿಟ್ಟರು. "ಎಷ್ಟ ಹೇಳಿದ್ರೂ ಈ ಮಂದಿಗೆ ತಿಳಿಯಂಗಿಲ್ಲ ನೋಡ್ರಿ."

"ಖರೇ ಐತ್ರಿ ಸರ್, ಕೆಲವರಿಗೆ ತಿಳಿಯೂದ ಇಲ್ಲ" ಎಂದೆ.

ಅವರು ಸಮಾಧಾನದಿಂದ ತಲೆದೂಗಿದರು.